ಕಾಲುಚೀಲದಕ್ಕ ಹೇಳಬಾರದಿದ್ದ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಳಿ ಫಾರಂನ ಗೇಟಿನ ಹೊರಗೆ ಒಬ್ಬ ಹೆಂಗಸು ಸ್ಕೂಟರಿಗೆ ಒರಗಿ ನಿಂತಿದ್ದಾರೆ. ಹಿಂದಿನ ಸೀಟಿಗೆ ಹಳೆಯ ಟ್ಯೂಬಿನಲ್ಲಿ ಬಿಗಿದ ಐಸ್ ಪೆಟ್ಟಿಗೆ, ಹೆಗಲಿಗೆ ಬಟ್ಟೆಯ ಚೀಲ, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಕಾವಲುಗಾರ ಗೇಟಿನ ಸಂದಿಯಿಂದ ಮುಖವಷ್ಟೇ ತೋರಿಸುತ್ತಾನೆ.

"ಒಂದೈದು ನಿಮಿಷ ಅಕ್ಕಾ. ಒಳಗೆ ಲೈಟ್ ಹಾಕ್ತಿದ್ದಾರೆ."

"ಲೈಟ್ ಹಾಕೋಕೆ ಸಲಿಕೆ ಯಾಕಪ್ಪಾ?"

ಕಾವಲುಗಾರ ನಕ್ಕು ಮುಖ ಒಳಗೆ ಎಳೆದುಕೊಳ್ಳುತ್ತಾನೆ. ಒಳಗಿನಿಂದ ಸಲಿಕೆಯ ಸದ್ದು ಸ್ಪಷ್ಟವಾಗಿಯೇ ಕೇಳುತ್ತಿದೆ. ಶೆಡ್ಡಿನ ನೆಲಕ್ಕೆ ಹೊಸ ಹೊಟ್ಟು ಸುರಿಯುತ್ತಿದ್ದಾರೆ. ಪರೀಕ್ಷೆಗೆ ಬರುತ್ತಾರೆಂದು ಮೊದಲೇ ಗೊತ್ತಾದ ಫಾರಂಗಳಲ್ಲಿ ನಡೆಯುವ ಸ್ವಾಗತ ಸಮಾರಂಭ ಇದು. ಕೊಳೆಯ ಮೇಲೆ ಹೊಸ ಹಾಸು, ಹಾಸಿನ ಮೇಲೆ ನಗುಮುಖದ ಮೇಲ್ವಿಚಾರಕ.

ಫಾರಂಗಳಲ್ಲಿ ಇವರನ್ನು ಎಲ್ಲರೂ ಕರೆಯುವುದು ಕಾಲುಚೀಲದಕ್ಕ ಎಂದು. ಸರ್ಕಾರದ ಪಶುರೋಗ ಪ್ರಯೋಗಾಲಯಕ್ಕೆ ಮಾದರಿ ತಂದುಕೊಡುವ ಗುತ್ತಿಗೆ ಕೆಲಸ ಇವರದು. ಬೂಟಿನ ಮೇಲೆ ತೆಳು ಬಟ್ಟೆಯ ಕಾಲುಚೀಲ ಕಟ್ಟಿಕೊಂಡು ಶೆಡ್ಡಿನ ಉದ್ದಕ್ಕೂ ನಡೆಯುವುದು, ಬಟ್ಟೆಗೆ ಮೆತ್ತಿದ ಹಿಕ್ಕೆಯ ಸಮೇತ ಅದನ್ನು ಬಿಚ್ಚಿ ಚೀಲಕ್ಕೆ ಹಾಕುವುದು, ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸುವುದು. ಕೋಳಿಗಳ ಕರುಳಿನಲ್ಲಿ ಎಂಥ ಬ್ಯಾಕ್ಟೀರಿಯಾ ಬೆಳೆಯುತ್ತಿದೆ, ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ತಿಳಿಯುವುದು ಆ ಕೊಳಕು ಬಟ್ಟೆಯಿಂದ. ತಿಳಿದದ್ದನ್ನು ಯಾರಿಗೆ ಹೇಳುತ್ತಾರೆ? ಅದೇ ಈ ಬರಹದ ಹೊಟ್ಟೆಯುರಿ.

ಗೇಟು ತೆರೆಯುತ್ತದೆ. ಬಾಗಿಲಲ್ಲಿಟ್ಟ ಕ್ರಿಮಿನಾಶಕದ ತಟ್ಟೆಯಲ್ಲಿ ಬೂಟು ಅದ್ದಿ, ಅಕ್ಕ ಆಚೆ ದಾಟಿ, ಆಮೇಲೆ ಕಾಲುಚೀಲ ಕಟ್ಟುತ್ತಾರೆ. ಮೊದಲೇ ಕಟ್ಟಿಕೊಂಡು ತಟ್ಟೆಯಲ್ಲಿ ಅದ್ದಿದರೆ ಬಟ್ಟೆಯಲ್ಲೇ ಮದ್ದು ಉಳಿದು, ಎಂಥ ನರಕವನ್ನು ತುಳಿದರೂ ಫಲಿತಾಂಶ ಹೂವಿನಂತೆ ಬರುತ್ತದೆ.

"ನಡುವೆ ನಡೀರಿ ಅಕ್ಕಾ," ಎನ್ನುತ್ತಾನೆ ಮೇಲ್ವಿಚಾರಕ. "ಗೋಡೆ ಕಡೆ ಹೋದ್ರೆ ಹಕ್ಕಿಗಳು ಹೆದರ್ತವೆ."

"ನನ್ನ ನೋಡಿ ಯಾಕೆ ಹೆದರ್ತವೆ? ಹಿಡಿದು ಲಾರಿಗೆ ತುಂಬೋರು ನೀವು."

ಹೊಸ ಹೊಟ್ಟು ಬಿದ್ದಿರುವುದು ನಡುವೆ. ಅಕ್ಕ ಹೋಗುವುದು ನೀರಿನ ಕೊಳವೆಯ ಕೆಳಗೆ, ಹನಿ ಬಿದ್ದು ಬಿದ್ದು ಹಿಕ್ಕೆ ರೊಟ್ಟಿಯಂತೆ ಗಟ್ಟಿಯಾದ ಕಡೆ. ಬಿಳಿ ಕೋಳಿಗಳು ಎರಡು ಪಾಲಾಗಿ ದಾರಿ ಬಿಡುತ್ತವೆ. ಮೈಯ ಭಾರಕ್ಕೆ ಏಳಲಾರದವು ಕೂತಲ್ಲೇ ಕೂತಿರುತ್ತವೆ. ಅವನ್ನು ಅಕ್ಕ ಬೂಟಿನ ತುದಿಯಿಂದ ಮೆಲ್ಲಗೆ ಸರಿಸುತ್ತಾರೆ. ಕಣ್ಣಿಗೆ ಚುಚ್ಚುವ ಅಮೋನಿಯಾ. ಹೊಸಬರು ಈ ವಾಸನೆಗೆ ಹೊರಗೆ ಓಡಿ ವಾಂತಿ ಮಾಡುತ್ತಾರೆ. ಅಕ್ಕನಿಗೆ ಈ ಕೆಲಸ ಸಿಕ್ಕಿದ್ದೇ ಹಾಗೆ ಓಡದೆ ಇದ್ದದ್ದಕ್ಕೆ.

ಮದುವೆಯಾಗಿ ಬಂದ ವರ್ಷದಿಂದ ಮಗಳು ಹೈಸ್ಕೂಲು ಸೇರುವ ತನಕ ಇಂಥದೇ ಶೆಡ್ಡುಗಳಲ್ಲಿ ದುಡಿದವರು ಅವರು. ಸತ್ತ ಕೋಳಿ ಹೆಕ್ಕುವುದು, ಹೊಟ್ಟು ತಿರುವುವುದು, ನೀರಿನ ಡ್ರಮ್ಮಿಗೆ ಪುಡಿ ಕಲಸುವುದು. "ಯಾವ ಪುಡಿ ಅಂತ ನಾವು ಕೇಳಿಲ್ಲ. ಹಳದಿ ಪುಡಿ, ಬಿಳಿ ಪುಡಿ. ಹಳದೀದು ಕೈಗೆ ಹತ್ತಿದ್ರೆ ಎರಡು ದಿನ ಹೋಗ್ತಿರ್ಲಿಲ್ಲ. ನಮ್ಮೆಜಮಾನ್ರು ನನ್ನ ಕೈ ನೋಡಿ, ಮದುವೆ ಮನೆಗೆ ಹೋಗ್ಬಂದ್ಯಾ ಅಂತಿದ್ರು."

ಆ ಪುಡಿ ಆ್ಯಂಟಿಬಯಾಟಿಕ್. ಕೋಳಿಗೆ ಕಾಯಿಲೆ ಬಂದಾಗ ಕೊಟ್ಟರೆ ಅದು ಔಷಧ. ಕಾಯಿಲೆಯೇ ಇಲ್ಲದ ಸಾವಿರಾರು ಕೋಳಿಗಳಿಗೆ, ಕಾಲಿಡಲು ಜಾಗವಿಲ್ಲದಂತೆ ತುರುಕಿದರೂ ಸಾಯಬಾರದು ಎಂದು, ಬೇಗ ಮೈ ತುಂಬಿಕೊಳ್ಳಲಿ ಎಂದು, ಮರಿ ಬಂದ ದಿನದಿಂದ ನೀರಿನಲ್ಲಿ ಕಲಸಿ ಕುಡಿಸಿದರೆ ಅದನ್ನು ಏನೆಂದು ಕರೆಯಬೇಕು? ಗಾಳಿ ಬೆಳಕಿಗೆ ಮಾಡಬೇಕಾದ ಖರ್ಚನ್ನು ಪುಡಿಯಲ್ಲಿ ಉಳಿಸುವ ಜಾಣತನ ಎನ್ನಬೇಕು. ಆ ಜಾಣತನಕ್ಕೆ ನಮ್ಮ ತಟ್ಟೆಯ ಮಾಂಸ ಅಗ್ಗವಾಗಿದೆ. ನಾವೂ ತೆಪ್ಪಗೆ ತಿಂದಿದ್ದೇವೆ.

ಬ್ಯಾಕ್ಟೀರಿಯಾಗಳು ಮಾತ್ರ ತೆಪ್ಪಗಿಲ್ಲ. ಲಕ್ಷಗಟ್ಟಲೆಯಲ್ಲಿ ಒಂದೆರಡಕ್ಕೆ ಔಷಧದ ಎದುರು ನಿಲ್ಲುವ ಜೀನ್ ಇರುತ್ತದೆ. ದಿನಾ ಔಷಧ ಸುರಿದರೆ ಉಳಿದವೆಲ್ಲ ಸತ್ತು, ಅವೇ ಉಳಿದು, ಖಾಲಿಯಾದ ಜಾಗವನ್ನೆಲ್ಲ ತಮ್ಮ ಸಂತಾನದಿಂದ ತುಂಬುತ್ತವೆ. ಇನ್ನೂ ಕೆಟ್ಟದ್ದೆಂದರೆ, ಆ ಜೀನನ್ನು ಪಕ್ಕದಲ್ಲಿರುವ ಬೇರೆ ಬಗೆಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಕೋಳಿಯ ಹೊಟ್ಟೆಯಲ್ಲಿ ಯಾರ ತಂಟೆಗೂ ಹೋಗದೆ ಇದ್ದದ್ದು, ಮನುಷ್ಯರನ್ನು ಮಲಗಿಸುವ ಇನ್ನೊಂದಕ್ಕೆ ತನ್ನ ವಿದ್ಯೆ ಕಲಿಸಿ ಕಳಿಸುತ್ತದೆ. ಹಿಕ್ಕೆ ಗೊಬ್ಬರವಾಗಿ ತರಕಾರಿ ಹೊಲಕ್ಕೆ ಹೋಗುತ್ತದೆ, ತೊಳೆದ ನೀರು ಚರಂಡಿಗೆ. ಇವೆಲ್ಲಕ್ಕಿಂತ ಮೊದಲು ಅದು ಹೋಗುವುದು ಕೈಗೆ. ಹೊಟ್ಟು ತಿರುವುವ ಹೆಂಗಸರ ಕೈಗೆ.

ಅಕ್ಕನ ತಂಗಿ ಅಂಥ ಒಬ್ಬ ಹೆಂಗಸು. ಊರಾಚೆಯ ಒಂದು ಕಂಪನಿಯ ಫಾರಂನಲ್ಲಿ ಈಕೆಗೆ ಕೆಲಸ ಕೊಡಿಸಿದ್ದು ಅಕ್ಕನೇ. ಗಂಡ ಬಿಟ್ಟುಹೋದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಅಕ್ಕನಿಗಿಂತ ಗಟ್ಟಿ ದನಿ, ಅಕ್ಕನಿಗಿಂತ ಜೋರು ನಗು.

ಆ ಫಾರಂನ ಶೆಡ್ಡುಗಳನ್ನು ನೋಡಿದರೆ ಬೆರಗಾಗಬೇಕು. ಗೋಡೆಯುದ್ದಕ್ಕೂ ದೊಡ್ಡ ಫ್ಯಾನು. ಬಿಸಿಲೇರಿದರೆ ತಾನಾಗಿಯೇ ನೀರು ಇಳಿದು ಗಾಳಿ ತಂಪಾಗುವ ಪರದೆ. ಕೋಳಿ ಕತ್ತೆತ್ತಿ ಕೊಕ್ಕಿನಿಂದ ಮುಟ್ಟಿದರೆ ಹನಿ ಬೀಳುವ ಕೊಳವೆ. ಇಷ್ಟೆಲ್ಲ ಇರುವ ಫಾರಂನಲ್ಲಿ ಹೆಂಗಸರಿಗೆ ಒಂದು ಪಾಯಿಖಾನೆ ಇಲ್ಲ. ಇರುವುದು ಗೇಟಿನ ಹೊರಗೆ, ಕಾವಲುಗಾರನ ಕೋಣೆಯ ಪಕ್ಕ. ಒಮ್ಮೆ ಶೆಡ್ಡಿನಿಂದ ಹೊರಗೆ ಹೋದರೆ, ಕೋಳಿಗೆ ರೋಗ ತಗಲಬಾರದು ಎಂಬ ನಿಯಮದ ಪ್ರಕಾರ, ಮೈ ತೊಳೆದು ಬಟ್ಟೆ ಬದಲಿಸಿ ಒಳಗೆ ಬರಬೇಕು. ಅಷ್ಟು ಹೊತ್ತು ಹೋಗಲು ಮೇಲ್ವಿಚಾರಕ ಬಿಡುವುದಿಲ್ಲ. ಹೀಗಾಗಿ ಅಲ್ಲಿನ ಹೆಂಗಸರು ತಾವೇ ಒಂದು ರೂಢಿ ಮಾಡಿಕೊಂಡಿದ್ದಾರೆ: ಬೆಳಿಗ್ಗೆ ಮನೆ ಬಿಡುವಾಗಲೇ ನೀರು ಕುಡಿಯುವುದನ್ನು ನಿಲ್ಲಿಸುವುದು. ಬಾಯಿ ಒಣಗಿದರೆ ತೊಟ್ಟು ಎಂಜಲು ನುಂಗುವುದು. ಸಂಜೆ ಮನೆಗೆ ಬಂದ ಮೇಲೆ ಚೊಂಬೆತ್ತುವುದು.

"ಹೊಸಬಳು ಯಾರಾದ್ರೂ ಬಾಟ್ಲಿ ತಂದ್ರೆ ನಾವೇ ನಗ್ತಿದ್ವಿ," ಎನ್ನುತ್ತಾಳೆ ತಂಗಿ. "ಅಯ್ಯೋ ಮಹಾರಾಣಿ ಬಂದ್ಳು, ನೀರು ಕುಡೀತಾಳಂತೆ, ಅಂತ."

ಕೋಳಿಗೆ ಬಾಯಾರಬಾರದು ಎಂದು ಕೊಳವೆ ಹಾಕಿದವರಿಗೆ, ಕೊಳವೆ ತೊಳೆಯುವವಳಿಗೆ ಬಾಯಾರುತ್ತದೆಂದು ಹೊಳೆಯಲೇ ಇಲ್ಲ ಎಂದು ನಂಬಲು ನಾನು ಸಿದ್ಧನಿಲ್ಲ. ಹೊಳೆದಿದೆ. ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ದಿನವಿಡೀ ನೀರು ಕುಡಿಯದೆ, ಬಂದದ್ದನ್ನು ತಡೆದು ತಡೆದು, ಹಿಕ್ಕೆ ಮುಟ್ಟಿದ ಕೈಯನ್ನು ಸರಿಯಾಗಿ ತೊಳೆಯಲೂ ಪುರಸೊತ್ತಿಲ್ಲದೆ ದುಡಿಯುವ ಹೆಂಗಸರಿಗೆ ಉರಿಮೂತ್ರ ಬರದೆ ಇನ್ನೇನು ಬರುತ್ತದೆ? ಅಲ್ಲಿ ಅದು ಬಾರದವರೇ ಕಡಿಮೆ. ಹೇಳಿಕೊಳ್ಳಲು ನಾಚಿಕೆ. ಆಸ್ಪತ್ರೆಗೆ ಹೋಗಲು ರಜೆಯಿಲ್ಲ. ಅದಕ್ಕೂ ಅವರು ಒಂದು ದಾರಿ ಕಂಡುಕೊಂಡಿದ್ದರು. ಕೋಳಿಯ ಪುಡಿಯನ್ನೇ ಚಿಟಿಕೆ ತೆಗೆದು ಚಹಾದ ಲೋಟದಲ್ಲಿ ಕದಡಿ ಕುಡಿಯುವುದು!

"ಅಷ್ಟೊಂದು ಕೋಳಿಗೆ ಆಗೋದು ನಮಗೊಬ್ಬರಿಗೆ ಆಗಲ್ವಾ ಅಂತ," ತಂಗಿ ಹೇಳುತ್ತಾಳೆ. "ಮೊದಮೊದಲು ಕಡಿಮೆ ಆಗ್ತಿತ್ತು ಕಣ್ರೀ, ಸುಳ್ಳು ಯಾಕೆ ಹೇಳ್ಲಿ. ಮೇಲ್ವಿಚಾರಕಣ್ಣನೇ ಕೊಡ್ತಿದ್ದ. ಜಾಸ್ತಿ ಹಾಕ್ಕೋಬೇಡಿ, ಮೊಟ್ಟೆ ಇಟ್ಟುಬಿಡ್ತೀರಾ ಅಂತ ತಮಾಷೆ ಬೇರೆ."

ಅರ್ಧಂಬರ್ಧ ಔಷಧ, ಅರ್ಧಂಬರ್ಧ ದಿನ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಗರಡಿಮನೆ ಬೇಕಿಲ್ಲ. ಕಳೆದ ಬೇಸಿಗೆಯಲ್ಲಿ ಚಿಟಿಕೆ ಕೆಲಸ ಮಾಡಲಿಲ್ಲ. ಉರಿ ಸೊಂಟಕ್ಕೆ ಏರಿತು, ಚಳಿಜ್ವರ ಬಂತು. ತಂಗಿ ಶೆಡ್ಡಿನಲ್ಲೇ ಹೊಟ್ಟಿನ ಮೂಟೆಯ ಮೇಲೆ ಕುಸಿದಳು. ಫಾರಂನವರು ಒಂದು ಆಟೋ ಹತ್ತಿಸಿ ಕೈ ತೊಳೆದುಕೊಂಡರು. ಕೈ ತೊಳೆಯಲು ಅವರಿಗೆ ಯಾವತ್ತೂ ಪುರಸೊತ್ತಿರುತ್ತದೆ.

ಆಸ್ಪತ್ರೆಯಲ್ಲಿ ಸೋಂಕು ಮೂತ್ರಪಿಂಡಕ್ಕೆ ಹತ್ತಿದೆ ಎಂದರು. ಗುಳಿಗೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಲಿಲ್ಲ. ಇಂಜೆಕ್ಷನ್ ಬದಲಿಸಿದರು. ಇಳಿಯಲಿಲ್ಲ. ಜೋರು ದನಿಯ ಹೆಂಗಸು ಯಾರ ಗುರುತೂ ಹಿಡಿಯದೆ ಕೋಳಿಗಳನ್ನು ಕರೆಯತೊಡಗಿದಳು. ಆ ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧ ನಾಟುತ್ತದೆ ಎಂದು ನೋಡುವ ಸೌಲಭ್ಯ ಇರಲಿಲ್ಲ. ಮೂತ್ರವನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು, ಉತ್ತರಕ್ಕೆ ದಿನಗಟ್ಟಲೆ ಕಾಯಬೇಕು. ತಂಗಿಯ ಮೈ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಅದೇ ಹೊತ್ತಿಗೆ, ಆಸ್ಪತ್ರೆಯಿಂದ ಕೂಗಳತೆಯಲ್ಲಿರುವ ಪಶುರೋಗ ಪ್ರಯೋಗಾಲಯದಲ್ಲಿ, ಒಂದು ಉತ್ತರ ಸಿದ್ಧವಾಗಿಯೇ ಇತ್ತು.

ಬೆಳಿಗ್ಗೆ ಕಾಲುಚೀಲ ತರುವ ಅಕ್ಕನಿಗೆ ಮಧ್ಯಾಹ್ನ ಅಲ್ಲಿ ಇನ್ನೊಂದು ಕೆಲಸವಿದೆ. ಪರೀಕ್ಷೆ ಮುಗಿದ ತಟ್ಟೆಗಳನ್ನು ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಹಬೆಗಿಟ್ಟು, ಬ್ಯಾಕ್ಟೀರಿಯಾ ಕೊಂದು, ಆಮೇಲೆ ಎಸೆಯುವುದು. ಅಂಗೈ ಅಗಲದ ಆ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೂದುಬಣ್ಣದ ಕೆನೆಯಂತೆ ಹರಡಿರುತ್ತದೆ. ನಡುನಡುವೆ ಔಷಧ ಅದ್ದಿದ ಕಾಗದದ ಬಿಲ್ಲೆಗಳು. ಔಷಧ ನಾಟಿದರೆ ಬಿಲ್ಲೆಯ ಸುತ್ತ ಕೆನೆಯಿಲ್ಲದ ಬಯಲು. ನಾಟದಿದ್ದರೆ ಕೆನೆ ಬಿಲ್ಲೆಯ ಅಂಚಿಗೇ ಬಂದು ಮುತ್ತಿರುತ್ತದೆ. ಇದನ್ನು ನೋಡಲು ಓದು ಬೇಕಿಲ್ಲ, ಕಣ್ಣಿದ್ದರೆ ಸಾಕು. ತಂಗಿಯ ಫಾರಂನಿಂದ ತಾನೇ ತಂದಿದ್ದ ಮಾದರಿಯ ತಟ್ಟೆಗಳನ್ನು ಅಕ್ಕ ಹಬೆಗಿಟ್ಟದ್ದು ತಂಗಿ ಕುಸಿಯುವುದಕ್ಕೆ ಸುಮಾರು ಎರಡು ತಿಂಗಳ ಮೊದಲು.

"ಬಿಲ್ಲೆ ಸುತ್ತ ಎಲ್ಲೂ ಜಾಗ ಇರ್ಲಿಲ್ಲ. ಒಂದೇ ಒಂದಕ್ಕೆ ಇತ್ತೇನೋ. ಮೂಲೇಲಿರೋದು. ಆವತ್ತು ನೋಡಿ ಸುಮ್ನಾದೆ. ದಿನಾ ಇಂಥವೇ ನೋಡ್ತೀನಲ್ಲ. ಆಸ್ಪತ್ರೇಲಿ ತಂಗಿ ಕಾಲು ಒತ್ತುತಾ ಕೂತಾಗ ತಲೇಗೆ ಬಂತು. ಇವಳೊಳಗೂ ಅದೇ ಕೂತಿದ್ರೆ?"

ಅಕ್ಕ ಓಡಿದ್ದು ತನ್ನ ಕಚೇರಿಗೆ. ಆ ಫಾರಂನ ವರದಿ ಕೊಡಿ, ಆಸ್ಪತ್ರೆಗೆ ತೋರಿಸಬೇಕು ಎಂದು ಅಧಿಕಾರಿಯ ಮೇಜಿನ ಮುಂದೆ ನಿಂತು ಕೇಳಿದರು. ಅಧಿಕಾರಿ ಕೆಟ್ಟವರಲ್ಲ. ಕೂರಿಸಿದರು, ನೀರು ಕೊಟ್ಟರು, ವರದಿ ಕೊಡಲಿಲ್ಲ. ಫಾರಂಗಳು ಮಾದರಿ ಕೊಡುವುದೇ ಫಲಿತಾಂಶ ಹೊರಗೆ ಬಿಡುವುದಿಲ್ಲ ಎಂಬ ಷರತ್ತಿನ ಮೇಲೆ. ಅದು ಮಾಲೀಕರಿಗೆ ಹೋಗುತ್ತದೆ, ಇಲಾಖೆಯ ಬೀರುವಿಗೆ ಹೋಗುತ್ತದೆ. "ನಾನು ಕೊಟ್ಟರೆ ನಾಳೆ ಯಾವ ಫಾರಂನವರೂ ನಿನ್ನ ಒಳಗೆ ಬಿಡಲ್ಲಮ್ಮ," ಎಂದರಂತೆ. ಮಾತು ನಿಜವೇ. ಅದೇ ಭಯಂಕರ. ಒಳ್ಳೆಯವರೂ ನಿಜವನ್ನೇ ಹೇಳುತ್ತ ಒಬ್ಬ ಹೆಂಗಸನ್ನು ಸಾಯಲು ಬಿಡಬಹುದಾದಂಥ ಏರ್ಪಾಡು ಇದು.

ಕೊಳೆ ತುಳಿದವಳು ಅಕ್ಕ. ಕೊಳೆಯಲ್ಲಿ ದುಡಿದವಳು ತಂಗಿ. ಬ್ಯಾಕ್ಟೀರಿಯಾ ಮನೆ ಮಾಡಿದ್ದು ತಂಗಿಯ ಮೈಯಲ್ಲಿ. ಗುಟ್ಟು ಮಾತ್ರ ಕಂಪನಿಯದು!

ಅಕ್ಕ ಸಂಜೆ ವಾರ್ಡಿಗೆ ವಾಪಸಾದಾಗ ಪಾಳಿಯಲ್ಲಿದ್ದದ್ದು ಒಬ್ಬ ಯುವ ವೈದ್ಯೆ. ಚೀಟಿಯಲ್ಲಿ ಮತ್ತೆ ಅದೇ ಬಳಗದ ಇಂಜೆಕ್ಷನ್ ಬರೆಯುತ್ತಿದ್ದರು.

"ಡಾಕ್ಟ್ರಮ್ಮಾ, ಅದು ಬೇಡ. ಅದಕ್ಕೆ ಅದು ಜಗ್ಗಲ್ಲ."

"ಯಾವುದಕ್ಕೆ ಯಾವುದು ಜಗ್ಗಲ್ಲ?"

ಅಕ್ಕ ಹೇಳಿದರು. ಕೆಲಸಕ್ಕೆ ಸೇರುವಾಗ ಹೇಳುವುದಿಲ್ಲ ಎಂದು ಒಪ್ಪಿಕೊಂಡಿದ್ದನ್ನೆಲ್ಲ ಹೇಳಿದರು. ತಂಗಿ ಎಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿ ಏನು ಕುಡಿಸುತ್ತಾರೆ, ತಂಗಿ ಏನು ಕುಡಿದಿದ್ದಳು, ತಟ್ಟೆಯಲ್ಲಿ ತಾನು ಏನು ಕಂಡೆ. ಬಿಲ್ಲೆಯ ಹೆಸರು ಗೊತ್ತಿರಲಿಲ್ಲ. ಒಂದಕ್ಕೆ ಬಿಟ್ಟು ಯಾವುದಕ್ಕೂ ಜಾಗ ಇರಲಿಲ್ಲ ಎಂದಷ್ಟೇ ಹೇಳಿದರು. ಅಲ್ಲಿಯವರೆಗೆ ಆ ವಾರ್ಡಿನಲ್ಲಿ ಯಾರೂ ತಂಗಿಯನ್ನು ಏನು ಕೆಲಸ ಎಂದು ಕೇಳಿರಲಿಲ್ಲ. ಕೇಸ್ ಶೀಟಿನಲ್ಲಿ ಗೃಹಿಣಿ ಎಂದು ಬರೆದಿತ್ತು.

ವೈದ್ಯೆ ಪ್ರಯೋಗಾಲಯಕ್ಕೆ ಫೋನ್ ಮಾಡಿದರು. ಅಲ್ಲಿ ಅದೇ ಷರತ್ತಿನ ಉತ್ತರ. ಫೋನಿಟ್ಟು, ರೋಗಿಯ ಮುಖ ನೋಡಿ, ಚೀಟಿ ಹರಿದರು. ಕೊನೆಗೆಂದು ಎತ್ತಿಟ್ಟಿರುವ ಔಷಧವನ್ನು ತಮ್ಮ ಜವಾಬ್ದಾರಿಯಲ್ಲಿ ಆವತ್ತೇ ಶುರು ಮಾಡಿಸಿ, ಮೂತ್ರವನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಮೂರನೆಯ ದಿನ ಜ್ವರ ಇಳಿಯಿತು. ಅದರ ಹಿಂದೆಯೇ ದೊಡ್ಡಾಸ್ಪತ್ರೆಯ ಉತ್ತರವೂ ಬಂತು: ಹಿಂದೆ ಕೊಟ್ಟ ಯಾವ ಔಷಧವೂ ನಾಟುವಂತಿರಲಿಲ್ಲ. ತಂಗಿ ಕಣ್ಣುಬಿಟ್ಟು ಮೊದಲು ಕೇಳಿದ್ದು, "ಶೆಡ್ಡಿಗೆ ಯಾರು ಹೋಗಿದ್ದಾರೆ?" ಅಕ್ಕ ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ತಂಗಿ ಬದುಕಿದಳು. ಒಂದು ಮೂತ್ರಪಿಂಡ ಸೊರಗಿದೆ, ಆಯುಷ್ಯವಿಡೀ ಜೋಪಾನ ಮಾಡಬೇಕು. ಈಗ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಪಕ್ಕದಲ್ಲಿ ಸದಾ ನೀರಿನ ಚೊಂಬು. "ಮಹಾರಾಣಿ ಆಗ್ಬಿಟ್ಟೆ," ಎಂದು ತನ್ನನ್ನೇ ಆಡಿಕೊಳ್ಳುತ್ತಾಳೆ.

ವೈದ್ಯೆ ಕೇಸ್ ಶೀಟಿನಲ್ಲಿ ಗೃಹಿಣಿ ಎಂಬುದನ್ನು ಹೊಡೆದುಹಾಕಿ ಕೋಳಿ ಫಾರಂ ಕಾರ್ಮಿಕೆ ಎಂದು ಬರೆದರು, ಆರೋಗ್ಯ ಇಲಾಖೆಗೆ ತಿಳಿಸಿದರು. ಇಲಾಖೆ ಫಾರಂಗೆ ಪ್ರಶ್ನೆ ಕಳಿಸಿತು. ಕಂಪನಿಯ ಉತ್ತರ ಎರಡು ತುಂಡು. ಒಂದು, ನಮ್ಮ ಶೆಡ್ಡಿನಿಂದಲೇ ಬಂತು ಎನ್ನಲು ಸಾಕ್ಷಿಯಿಲ್ಲ. ಎರಡು, ನಮ್ಮ ಗುಟ್ಟು ಬಯಲು ಮಾಡಿದ ಹೆಂಗಸಿನ ಮೇಲೆ ಕ್ರಮ ಆಗಬೇಕು. ಈ ಎರಡು ಮಾತೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ, ನಾಚಿಕೆಯಿಲ್ಲದೆ.

"ಶೆಡ್ಡಿಂದಲೇ ಬಂತು ಅಂತ ನಾನೂ ಆಣೆ ಹಾಕಲ್ಲ," ಎನ್ನುತ್ತಾರೆ ವೈದ್ಯೆ. "ಹೇಳ್ಬೇಕು ಅಂದ್ರೆ ಅಲ್ಲಿಯ ಬ್ಯಾಕ್ಟೀರಿಯಾ, ಇಲ್ಲಿಯ ಬ್ಯಾಕ್ಟೀರಿಯಾ, ಎರಡರ ಜೀನ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು. ಒಂದು ನಮ್ಮ ಹತ್ರ ಇದೆ. ಇನ್ನೊಂದನ್ನ ಪ್ರಯೋಗಾಲಯದವರು ತಟ್ಟೆ ಹಬೆಗಿಡೋ ಮೊದಲೇ ಸ್ವಲ್ಪ ತೆಗೆದು ಎತ್ತಿಟ್ಟಿರ್ತಾರೆ, ಅದನ್ನ ಕೇಳಿದೆ. ಮಾಲೀಕರ ಒಪ್ಪಿಗೆ ತನ್ನಿ ಅಂದ್ರು."

ಸಾಕ್ಷಿ ಬೀರುವಿನಲ್ಲಿ. ಬೀರುವಿನ ಬೀಗ ಕಂಪನಿಯ ಒಪ್ಪಿಗೆಯಲ್ಲಿ. ಸಾಕ್ಷಿಯಿಲ್ಲ ಎನ್ನುತ್ತಿರುವುದೂ ಕಂಪನಿ. ಕೋಳಿ ಕಳ್ಳನ ಕೈಗೇ ಗೂಡಿನ ಚಿಲಕ ಕೊಟ್ಟು ಕೂತಿರುವ ನಾವು, ಶೀತಕ್ಕೂ ನೆಗಡಿಗೂ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುತ್ತಿರುವ ನಾವು, ಇದು ಯಾರದೋ ಶೆಡ್ಡಿನ ಯಾರದೋ ಉರಿ ಎಂದುಕೊಂಡರೆ ಮೋಸಹೋಗುತ್ತೇವೆ. ಆ ಜೀನ್‌ಗೆ ಗೇಟಿಲ್ಲ, ಕಾವಲುಗಾರನಿಲ್ಲ. ಇವತ್ತು ತಂಗಿಗೆ ಉಳಿದಿದ್ದ ಒಂದು ಔಷಧ ನಾಳೆ ನಮ್ಮ ಮಗುವಿಗೆ ಉಳಿದಿರುತ್ತದೆ ಎಂದು ಬರೆದುಕೊಟ್ಟವರು ಯಾರೂ ಇಲ್ಲ.

ಅಕ್ಕನ ಮೇಲೆ ವಿಚಾರಣೆ ನಡೆಯುತ್ತಿದೆ. ಆ ಕಂಪನಿಯ ಫಾರಂಗಳಿಗೆ ಅವರನ್ನು ಕಳಿಸುತ್ತಿಲ್ಲ. ಉಳಿದವಕ್ಕೆ, ಬೇರೆ ಯಾರೂ ಹೋಗಲೊಪ್ಪದ ಕಾರಣ, ಅವರೇ ಹೋಗುತ್ತಾರೆ. ಗುತ್ತಿಗೆ ಮುಂದುವರಿಯಬೇಕಾದರೆ ಯಾವ ಫಲಿತಾಂಶವನ್ನೂ ಯಾರಿಗೂ ಹೇಳುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ವಿಚಾರಣೆಗೆ ಕೂತಿದ್ದ ಮೂವರು ಅಧಿಕಾರಿಗಳು ಕಾಗದವನ್ನೂ ಪೆನ್ನನ್ನೂ ಮುಂದೆ ತಳ್ಳಿದಾಗ ಅಕ್ಕ ಅದನ್ನು ಓದಿ, ಮತ್ತೆ ಓದಿ, ವಾಪಸು ತಳ್ಳಿದರು.

"ನಾನು ಸಹಿ ಹಾಕಲ್ಲ ಅನ್ಲಿಲ್ಲ," ಎಂದು ಮನೆಯ ಮೆಟ್ಟಿಲ ಮೇಲೆ ಕೂತು ಅಕ್ಕ ಹೇಳುತ್ತಾರೆ. ಒಳಗೆ ಹೊಲಿಗೆಯಂತ್ರ ಓಡುತ್ತಿದೆ. "ಕೆಲಸ ಬೇಕು ನನಗೆ. ಮಗಳ ಓದಿದೆ, ಇವಳ ಮಕ್ಕಳಿದ್ದಾವೆ. ನಾನೇನು ಊರಿಗೆಲ್ಲ ಡಂಗುರ ಹೊಡೀಬೇಕಾ? ಒಂದು ಸಾಲು ಸೇರಿಸಿ ಅಂದೆ, ಅಷ್ಟೇ. ಯಾರಿಗೂ ಹೇಳಲ್ಲ ಅಂತ ಇದೆಯಲ್ಲ, ಅದರ ಪಕ್ಕದಲ್ಲಿ."

ಯಾವ ಸಾಲು?

"ಆ ಶೆಡ್ಡಲ್ಲಿ ದುಡಿಯೋರನ್ನ ಬಿಟ್ಟು, ಅಂತ."

ಅಧಿಕಾರಿಗಳು ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದಿದ್ದಾರೆ. ಕಾಗದ ಅಲ್ಲೇ ಇದೆ, ಸಹಿಯ ಜಾಗ ಖಾಲಿಯಿದೆ. ಹೋದ ವಾರ ಇನ್ನೊಂದು ಫಾರಂನ ಹೆಂಗಸೊಬ್ಬಳು ಮನೆ ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳಂತೆ: "ಅಕ್ಕಾ, ನಮ್ಮದರಲ್ಲಿ ಏನು ಬಂತು?"

"ಒಳಗೆ ಬಾ ಅಂದೆ," ಎನ್ನುತ್ತಾರೆ ಅಕ್ಕ. "ಕೂರಿಸಿ ಹೇಳ್ದೆ."